ಅಂಗೈಯಗಲದ ನ್ಯಾಟ್ ವಿಮಾನ ಕಟ್ಟುವ ಬಗೆ



ನಮ್ಮ ಪತ್ರಿಕೆಯಲ್ಲಿ ಕವನ ಬರುತ್ತದೆ, ಕಥೆ ಬರುತ್ತದೆ, ಊರಿನ ನೆನಪು ಬರುತ್ತದೆ. ನನಗೆ ಇವು ಯಾವುದೂ ಬಾರದು. "ನಿನಗೆ ಗೊತ್ತಿರೋದನ್ನೇ ಬರಿಯಪ್ಪ" ಎಂದರು ಸಂಪಾದಕರು. ನನಗೆ ಗೊತ್ತಿರುವುದು ಎರಡು. ಒಂದು ಜಮಾಖರ್ಚು, ಇನ್ನೊಂದು ಪ್ಲಾಸ್ಟಿಕ್ ವಿಮಾನದ ಕಿಟ್ ಜೋಡಿಸುವುದು. ಜಮಾಖರ್ಚನ್ನು ತರಗತಿಯಲ್ಲಿ ಓದಿ ಸಾಕಾಗಿರುತ್ತದೆ. ಆದ್ದರಿಂದ ಎರಡನೆಯದನ್ನು ಹೇಳುತ್ತೇನೆ. ಮೊದಲನೆಯದು ನಡುನಡುವೆ ಇಣುಕಿದರೆ ಕ್ಷಮೆಯಿರಲಿ.

ಕಿಟ್ ಎಂದರೆ ಒಂದು ಪೆಟ್ಟಿಗೆ. ಒಳಗೆ ಪ್ಲಾಸ್ಟಿಕ್ಕಿನ ಚೌಕಟ್ಟುಗಳು, ಅವಕ್ಕೆ ಅಂಟಿಕೊಂಡಂತೆ ವಿಮಾನದ ಬಿಡಿ ಭಾಗಗಳು, ಹೇಗೆ ಜೋಡಿಸಬೇಕೆಂದು ತೋರಿಸುವ ಚಿತ್ರಗಳು, ನೀರಿನಲ್ಲಿ ನೆನೆಸಿ ಅಂಟಿಸುವ ಗುರುತುಗಳ ಹಾಳೆ. ಕರಗಿದ ಪ್ಲಾಸ್ಟಿಕ್ಕನ್ನು ಉಕ್ಕಿನ ಅಚ್ಚಿನೊಳಗೆ ಒತ್ತಿ ತುಂಬಿ ಇವನ್ನು ತಯಾರಿಸುತ್ತಾರೆ. ಅಂಟು, ಬಣ್ಣ ಸಾಮಾನ್ಯವಾಗಿ ನಾವೇ ತರಬೇಕು.

ನಾನು ಕಟ್ಟಿದ್ದು ಏರ್‌ಫಿಕ್ಸ್ ಕಂಪನಿಯ ನ್ಯಾಟ್ ಟಿ.1. ಅದೇ ವಿಮಾನ ಯಾಕೆ ಎಂದರೆ, ನಮ್ಮ ತಾಯಿಯ ತಂದೆ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ರಿವೆಟ್ ಹೊಡೆಯುವ ಕೆಲಸದಲ್ಲಿದ್ದವರು. ನ್ಯಾಟ್ ಹೆಸರು ಕೇಳಿಯೇ ನಾನು ಬೆಳೆದದ್ದು. ಬ್ರಿಟನ್ನಿನ ಫಾಲಂಡ್ ಕಂಪನಿಗಾಗಿ ಪೆಟರ್ ಎಂಬ ಎಂಜಿನಿಯರ್ ರೂಪಿಸಿದ ಈ ಪುಟ್ಟ ವಿಮಾನ 1955ರಲ್ಲಿ ಮೊದಲು ಹಾರಿತು. ನಮ್ಮ ದೇಶ ಪರವಾನಗಿ ಪಡೆದು ಬೆಂಗಳೂರಿನಲ್ಲಿ ಅದನ್ನು ತಯಾರಿಸಿತು. 1965 ಮತ್ತು 1971ರ ಯುದ್ಧಗಳಲ್ಲಿ ಅದು ಹೋರಾಡಿತು. 1971ರ ಡಿಸೆಂಬರ್ 14ರಂದು ಶ್ರೀನಗರದ ಮೇಲೆ ವೈರಿ ಸೇಬರ್ ವಿಮಾನಗಳನ್ನು ಎದುರಿಸಿ ವೀರಮರಣ ಹೊಂದಿದ ನಿರ್ಮಲ್ ಜಿತ್ ಸಿಂಗ್ ಸೆಖೋನ್ ಹಾರಿಸಿದ್ದೂ ನ್ಯಾಟೇ. ವಾಯುಪಡೆಗೆ ಬಂದ ಏಕೈಕ ಪರಮವೀರ ಚಕ್ರ ಅವರದು.

ಅಳತೆಯ ಲೆಕ್ಕ

ಪೆಟ್ಟಿಗೆಯ ಮೇಲೆ 1:72 ಎಂದಿರುತ್ತದೆ. ಅಂದರೆ ನಿಜವಾದ ವಿಮಾನದ ಎಪ್ಪತ್ತೆರಡನೇ ಒಂದು ಪಾಲು. ಈ ವಿಚಿತ್ರ ಅಂಕಿ ಎಲ್ಲಿಂದ ಬಂತು? ಆರು ಅಡಿಗೆ 72 ಅಂಗುಲ. ಆದ್ದರಿಂದ ಆರಡಿಯ ಮನುಷ್ಯ ಈ ಅಳತೆಯಲ್ಲಿ ಸರಿಯಾಗಿ ಒಂದು ಅಂಗುಲ ಆಗುತ್ತಾನೆ. ನ್ಯಾಟ್ ಟಿ.1ರ ರೆಕ್ಕೆ ತುದಿಯಿಂದ ತುದಿಗೆ 24 ಅಡಿ. ಮಾದರಿಯಲ್ಲಿ ಅದು 4 ಅಂಗುಲ. ಅಂಗೈ ಮೇಲೆ ಕೂರುತ್ತದೆ.

ಇದು ಬರೀ ಮಕ್ಕಳಾಟ ಎನ್ನುವವರಿಗೆ ಒಂದು ಮಾತು. ಎರಡನೇ ಮಹಾಯುದ್ಧದಲ್ಲಿ, 1942ರಲ್ಲಿ, ಅಮೆರಿಕದ ನೌಕಾಪಡೆ ಇದೇ 1:72 ಅಳತೆಯ 5 ಲಕ್ಷ ಮಾದರಿಗಳು ಬೇಕೆಂದು ಶಾಲಾ ವಿದ್ಯಾರ್ಥಿಗಳನ್ನು ಕೇಳಿತ್ತು. ಅವರು ಮರದಲ್ಲಿ ಕೆತ್ತಿ ಕೊಟ್ಟರು. ಆಕಾಶದಲ್ಲಿ ಕಂಡದ್ದು ನಮ್ಮ ವಿಮಾನವೋ ವೈರಿಯದೋ ಎಂದು ಗುರುತಿಸಲು ಸೈನಿಕರು ಇವುಗಳಿಂದ ಕಲಿತರು. 35 ಅಡಿ ದೂರದಲ್ಲಿಟ್ಟ ಮಾದರಿ ಸುಮಾರು ಅರ್ಧ ಮೈಲಿ ದೂರದ ನಿಜ ವಿಮಾನದಷ್ಟೇ ಕಾಣುತ್ತದೆ. ಬೇಕಾದರೆ 35ನ್ನು 72ರಿಂದ ಗುಣಿಸಿ ನೋಡಿ.

ಬೇಕಾಗುವ ಸಾಮಾನು

ಚೂಪಾದ ಬ್ಲೇಡು, ನೇಲ್ ಕಟರ್, ಚಿಮಟ, 400ರಿಂದ 1000 ನಂಬರಿನವರೆಗಿನ ವಾಟರ್ ಪೇಪರು, ಬಟ್ಟೆ ಒಣಹಾಕುವ ಕ್ಲಿಪ್ಪು, ರಬ್ಬರ್ ಬ್ಯಾಂಡು, ಮಾಸ್ಕಿಂಗ್ ಟೇಪು, ಎರಡು ಸಣ್ಣ ಕುಂಚ, ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿಗೆಂದೇ ಮಾಡಿದ ಅಂಟು, ಸ್ವಲ್ಪ ಫೆವಿಕಾಲು, ಸ್ವಲ್ಪ ಪುಟ್ಟಿ. ಹಾಸ್ಟೆಲಿನಲ್ಲಿರುವವರು ಕಿಟಕಿ ತೆರೆದಿಟ್ಟು ಕೂರಿ. ಈ ಅಂಟಿನ ವಾಸನೆ ತಲೆನೋವು ತರುತ್ತದೆ, ಉಸಿರಿಗೂ ಒಳ್ಳೆಯದಲ್ಲ.

ಕೆಲಸದ ಕ್ರಮ

ಒಂದು: ತೊಳೆಯಿರಿ. ಅಚ್ಚಿನಿಂದ ಬಿಡಿಸುವಾಗ ಹಚ್ಚಿದ ಎಣ್ಣೆಯ ಪಸೆ ಪ್ಲಾಸ್ಟಿಕ್ಕಿನ ಮೇಲೆ ಉಳಿದಿರಬಹುದು. ಚೌಕಟ್ಟಿನ ಸಮೇತ ಸೋಪಿನ ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ತೊಳೆದು ಒಣಗಿಸಿ. ಇಲ್ಲದಿದ್ದರೆ ಬಣ್ಣ ಹಿಡಿಯುವುದಿಲ್ಲ.

ಎರಡು: ಭಾಗಗಳನ್ನು ಕೈಯಿಂದ ತಿರುಚಿ ಕೀಳಬೇಡಿ. ಕಿತ್ತರೆ ಅಂಚು ಹರಿಯುತ್ತದೆ. ಸ್ವಲ್ಪ ದೂರದಲ್ಲಿ ಕತ್ತರಿಸಿ, ಉಳಿದ ಮೊಳೆಯನ್ನು ಬ್ಲೇಡಿನಿಂದ ಹೆರೆದು, ವಾಟರ್ ಪೇಪರಿನಿಂದ ಉಜ್ಜಿ. ಬೇಕಾದಾಗ ಬೇಕಾದಷ್ಟನ್ನೇ ಕತ್ತರಿಸಿ. ಎಲ್ಲವನ್ನೂ ಒಮ್ಮೆಲೇ ಬಿಡಿಸಿ ರಾಶಿ ಹಾಕಿದರೆ ಯಾವುದು ಯಾವ ನಂಬರೋ ತಿಳಿಯದೆ ಫಜೀತಿ.

ಮೂರು: ಅಂಟಿಲ್ಲದೆ ಜೋಡಿಸಿ ನೋಡಿ. ಕೂರದಿದ್ದರೆ ಯಾಕೆ ಕೂರುತ್ತಿಲ್ಲ ಎಂದು ಹುಡುಕಿ, ಅಲ್ಲಿ ಮಾತ್ರ ಉಜ್ಜಿ. ಈ ಅಂಟು ನಮ್ಮ ಗೋಂದಿನ ಹಾಗಲ್ಲ. ಅದು ಪ್ಲಾಸ್ಟಿಕ್ಕನ್ನೇ ಕರಗಿಸಿ ಎರಡು ತುಂಡನ್ನು ಒಂದೇ ತುಂಡು ಮಾಡುತ್ತದೆ. ಗಟ್ಟಿಯಾದ ಮೇಲೆ ಬಿಡಿಸಲು ಹೋದರೆ ಮುರಿಯುತ್ತದೆ. ಕಡಿಮೆ ಹಚ್ಚುವುದೇ ಜಾಣತನ.

ನಾಲ್ಕು: ಕಾಕ್‌ಪಿಟ್ಟಿಗೆ, ಅಂದರೆ ಪೈಲಟ್ ಕೂರುವ ಜಾಗಕ್ಕೆ, ಮೊದಲೇ ಬಣ್ಣ ಹಾಕಿ. ವಿಮಾನದ ಮೈ ಎಡ, ಬಲ ಎಂದು ಎರಡು ಹೋಳಾಗಿ ಬರುತ್ತದೆ. ಅವೆರಡನ್ನೂ ಮುಚ್ಚಿದ ಮೇಲೆ ಒಳಗೆ ಕುಂಚ ಹೋಗುವುದಿಲ್ಲ.

ಐದು: ಮುಚ್ಚುವ ಮೊದಲು ಮೂಗಿನೊಳಗೆ ಭಾರ ಇಡಿ. ಇದನ್ನು ಎರಡು ಸಲ ಓದಿ. ನ್ಯಾಟಿಗೆ ಮೂಗಿನಡಿ ಒಂದು ಚಕ್ರ, ಹೊಟ್ಟೆಯಡಿ ಹಿಂದಕ್ಕೆ ಎರಡು. ನಿಜ ವಿಮಾನದಲ್ಲಿ ಮುಂಭಾಗದ ಯಂತ್ರಗಳ ಭಾರ ಅದನ್ನು ಮೂರು ಕಾಲಿನ ಮೇಲೆ ನಿಲ್ಲಿಸುತ್ತದೆ. ಟೊಳ್ಳು ಪ್ಲಾಸ್ಟಿಕ್ಕಿಗೆ ಆ ಭಾರ ಎಲ್ಲಿಂದ ಬರಬೇಕು? ಸೈಕಲ್ಲಿನ ಬೇರಿಂಗ್ ಗುಂಡುಗಳನ್ನು ಎಂ-ಸೀಲಿನಲ್ಲಿ ಹುದುಗಿಸಿ ಮೂಗಿನೊಳಗೆ ಒತ್ತಿ. ಎಷ್ಟು ಸಾಕೆಂದು ತಿಳಿಯಲು ಮೈ, ರೆಕ್ಕೆ, ಬಾಲವನ್ನು ಟೇಪಿನಿಂದ ಕಟ್ಟಿ, ಹಿಂದಿನ ಚಕ್ರಗಳು ಬರುವ ಜಾಗಕ್ಕೆ ಎರಡು ಬೆರಳು ಕೊಟ್ಟು ಎತ್ತಿ. ಮೂಗು ಕೆಳಗೆ ಬಾಗಿದರೆ ಸರಿ. ಬಾಲ ಬಾಗಿದರೆ ಇನ್ನೆರಡು ಗುಂಡು.

ಆರು: ಮೈ ಮುಚ್ಚಿ, ರಬ್ಬರ್ ಬ್ಯಾಂಡ್ ಹಾಕಿ ಒಂದು ರಾತ್ರಿ ಬಿಡಿ. ಆಮೇಲೆ ರೆಕ್ಕೆ. ಎದುರಿನಿಂದ ಒಂದೇ ಕಣ್ಣಲ್ಲಿ ನೋಡಿ. ನ್ಯಾಟಿನ ರೆಕ್ಕೆಯ ತುದಿಗಳು ಸ್ವಲ್ಪ ಕೆಳಕ್ಕೆ ಇಳಿದಿರುತ್ತವೆ. ಆ ಇಳಿಕೆ ಎರಡೂ ಕಡೆ ಸಮನಾಗಿರಬೇಕು.

ಏಳು: ಸೇರಿದ ಕಡೆ ಗೆರೆ ಕಾಣುತ್ತದೆ. ಅಲ್ಲಿ ಪುಟ್ಟಿ ತುಂಬಿ, ಒಣಗಿದ ಮೇಲೆ ನೀರು ಮುಟ್ಟಿಸಿ ಉಜ್ಜಿ. ಕಣ್ಣಿಗಿಂತ ಬೆರಳಿನ ತುದಿ ಚೆನ್ನಾಗಿ ಹೇಳುತ್ತದೆ. ಬಣ್ಣ ಬಳಿದರೆ ಬಿರುಕು ಮುಚ್ಚಿಹೋಗುತ್ತದೆ ಎಂದುಕೊಳ್ಳಬೇಡಿ, ಬಣ್ಣ ಬಿದ್ದ ಮೇಲೇ ಬಿರುಕು ಎದ್ದು ಕಾಣುವುದು.

ಎಂಟು: ಬಣ್ಣ ತೆಳ್ಳಗೆ, ಎರಡು ಮೂರು ಸಲ. ಒಂದು ಪದರ ಪೂರ್ತಿ ಒಣಗಿದ ಮೇಲೆ ಇನ್ನೊಂದು. ಕೆಂಪು ಬಣ್ಣವಾದರೆ ಅಡಿಗೆ ಬಿಳಿ ಕೊಡಿ, ಇಲ್ಲದಿದ್ದರೆ ಮಂಕಾಗುತ್ತದೆ. ನಮ್ಮ ಮುಂಬಯಿ ಮಳೆಗಾಲದಲ್ಲಿ ಎನಾಮೆಲ್ ಬಣ್ಣ ಒಣಗಲು ದಿನಗಟ್ಟಲೆ ಕಾಯಬೇಕು. ಮುಟ್ಟಿ ನೋಡುವ ಚಪಲ ಬೇಡ.

ಒಂಬತ್ತು: ಗುರುತುಗಳನ್ನು ಹೊಳಪಿನ ಮೈ ಮೇಲೆ ಅಂಟಿಸಿ. ಒರಟು ಮೈಯಾದರೆ ಅಡಿಯಲ್ಲಿ ಗಾಳಿ ಸಿಕ್ಕಿಕೊಂಡು ಬೆಳ್ಳಗೆ ಕಾಣುತ್ತದೆ. ಒಂದೊಂದನ್ನೇ ಕತ್ತರಿಸಿ, ನೀರಲ್ಲಿ ಅರ್ಧ ನಿಮಿಷ ನೆನೆಸಿ, ಕಾಗದದಿಂದ ಮೆಲ್ಲಗೆ ಜಾರಿಸಿ ಕೂರಿಸಿ.

ಹತ್ತು: ಚಕ್ರದ ಕಾಲು ಮತ್ತು ಗಾಜಿನಂಥ ಮುಚ್ಚಳ ಕೊನೆಗೆ. ಮುಚ್ಚಳಕ್ಕೆ ಫೆವಿಕಾಲೇ ಸಾಕು. ಸೂಪರ್ ಗ್ಲೂ ಹಾಕಿದರೆ ಅದರ ಆವಿಗೆ ಗಾಜು ಮಸುಕಾಗುತ್ತದೆ.

ನನ್ನ ಎರಡು ತಪ್ಪು

ಇಷ್ಟೆಲ್ಲ ಹೇಳಿದವನು ಮೊದಲ ಸಲ ಏನು ಮಾಡಿದೆ ಎಂದು ಹೇಳದಿದ್ದರೆ ಪಾಠ ಅರ್ಧವಾದೀತು.

ಆಗ ನಾನು ಐದನೆಯ ಹಂತವನ್ನು ಹಾರಿಸಿದೆ. ಸೂಚನೆಯಲ್ಲಿ ಇತ್ತು, ಓದಿಯೂ ಇದ್ದೆ. "ಆಮೇಲೆ ನೋಡೋಣ" ಅಂತ ಮೈ ಮುಚ್ಚಿಬಿಟ್ಟೆ. ಮೂರು ವಾರ ಎಲ್ಲ ಚೆನ್ನಾಗಿಯೇ ಕಂಡಿತು. ಹಸಿರು ನಡುವೆ, ಬಿಳಿ ಸುತ್ತ, ಕೇಸರಿ ಹೊರಗೆ ಎಂದು ನಮ್ಮ ವಾಯುಪಡೆಯ ಚಕ್ರವನ್ನು ಕೈಯಿಂದಲೇ ಬರೆದೆ. ಕೊನೆಯ ದಿನ ಕಾಲು ಅಂಟಿಸಿ ಮೇಜಿನ ಮೇಲಿಟ್ಟೆ. ವಿಮಾನ ಮೂಗೆತ್ತಿ ಬಾಲದ ಮೇಲೆ ಕುಳಿತುಬಿಟ್ಟಿತು! ಮತ್ತೆ ಒಡೆಯೋಣವೆಂದರೆ ಎಲ್ಲಿಂದ ಒಡೆಯುವುದು? ಬಾಲದ ಕೆಳಗೆ ಒಂದು ಬೆಂಕಿಕಡ್ಡಿ ಕೊಟ್ಟು ನಿಲ್ಲಿಸಿದೆ.

ರಜೆಯಲ್ಲಿ ಅದನ್ನು ಹತ್ತಿಯಲ್ಲಿ ಸುತ್ತಿ ಬೆಂಗಳೂರಿಗೆ ಒಯ್ದೆ. ತಾತ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ತಿರುಗಿಸಿ ನೋಡಿದರು. ಬೆಂಕಿಕಡ್ಡಿ ಕಂಡು ನಕ್ಕರು.

"ನಮ್ಮಲ್ಲಿ ಹೀಗೆ ನಡೀತಿರ್ಲಿಲ್ಲ ಕಣೋ. ಒಳಗಿನ ಕೆಲಸ ಆದ ಮೇಲೆ ಇನ್ಸ್‌ಪೆಕ್ಟರು ಬಂದು ನೋಡಿ ಮುದ್ರೆ ಹಾಕ್ಬೇಕು. ಆಮೇಲೇ ಮುಚ್ಚೋದು."

"ಇಲ್ಲಿ ನಾನೊಬ್ಬನೇ ಅಲ್ವಾ ತಾತ, ಇನ್ಸ್‌ಪೆಕ್ಟರ್ ಯಾರು?"

"ನೀನೇ. ಇವತ್ತು ಕೆಲಸ ಮಾಡು, ನಾಳೆ ಬೆಳಿಗ್ಗೆ ಬೇರೆಯವನ ಹಾಗೆ ಬಂದು ನೋಡು."

ಆಮೇಲೆ ಅವರ ಬೆರಳು ಮುಚ್ಚಳದ ಮೇಲೆ ನಿಂತಿತು. "ಇದೇನೋ, ಎರಡು ಸೀಟು? ನ್ಯಾಟಿನಲ್ಲಿ ನಾವು ಕಟ್ಟಿದ್ದೆಲ್ಲ ಒಂದೇ ಸೀಟಿಂದು. ಇದಕ್ಕೆ ನಮ್ಮ ಚಕ್ರ ಯಾಕೆ ಬರೆದೆ?"

ನನಗೆ ಉತ್ತರ ಇರಲಿಲ್ಲ. ಟಿ.1 ಎಂದರೆ ಬ್ರಿಟಿಷ್ ವಾಯುಪಡೆ ತರಬೇತಿಗೆಂದು ಇಟ್ಟುಕೊಂಡಿದ್ದ ಎರಡು ಸೀಟಿನ ನ್ಯಾಟ್. ನಮ್ಮ ನ್ಯಾಟಿಗಿಂತ ಅದರ ಮೈಯೂ ಉದ್ದ, ರೆಕ್ಕೆಯೂ ದೊಡ್ಡದು. ನ್ಯಾಟನ್ನು ಸುಧಾರಿಸಿ ನಮ್ಮವರು ಮಾಡಿದ ಅಜಿತ್ ವಿಮಾನಕ್ಕೆ 1980ರ ದಶಕದಲ್ಲಿ ಎಚ್‌ಎಎಲ್ ಎರಡು ಸೀಟಿನ ತರಬೇತಿ ರೂಪ ಕೊಟ್ಟದ್ದುಂಟು, ಆದರೆ ಅದು ಬೇರೆಯೇ ವಿಮಾನ. ಪೆಟ್ಟಿಗೆಯ ಮೇಲೆ ಟಿ.1 ಎಂದು ದಪ್ಪಕ್ಷರದಲ್ಲೇ ಇತ್ತು. ನ್ಯಾಟ್ ಎಂಬ ಹೆಸರು ಕಂಡದ್ದೇ ತಡ, ಮುಂದೆ ಓದಿರಲಿಲ್ಲ.

ಇಲ್ಲಿ ಜಮಾಖರ್ಚು ನೆನಪಾಯಿತು. ತಾಳೆ ಪಟ್ಟಿ ಮಾಡುವಾಗ ಕೆಲವು ತಪ್ಪು ತಾವೇ ಕೂಗಿ ಹೇಳುತ್ತವೆ. ಎರಡು ಕಡೆಯ ಮೊತ್ತ ಕೂಡುವುದಿಲ್ಲ, ಹುಡುಕಿ ಸರಿಮಾಡುತ್ತೇವೆ. ಬಾಲದ ಮೇಲೆ ಕೂತದ್ದು ಆ ಜಾತಿಯದು. ಇನ್ನು ಕೆಲವಕ್ಕೆ ತತ್ವದ ತಪ್ಪು ಎನ್ನುತ್ತಾರೆ. ಯಂತ್ರ ಕೊಂಡ ಹಣವನ್ನು ರಿಪೇರಿ ಖರ್ಚಿಗೆ ಬರೆದರೂ ಪಟ್ಟಿ ಪೈಸೆಗೆ ಪೈಸೆ ತಾಳೆಯಾಗುತ್ತದೆ, ಆದರೂ ಲೆಕ್ಕ ಸುಳ್ಳು. ನಾನು ಬರೆದ ತ್ರಿವರ್ಣ ಚಕ್ರ ಅಂಥದ್ದು. ಅಂಚು ಕದಲದೆ ದುಂಡಗೆ ಬಂದಿತ್ತು, ಸ್ನೇಹಿತರೆಲ್ಲ ಹೊಗಳಿದ್ದರು. ಅದು ಸುಳ್ಳೆಂದು ಕಂಡದ್ದು ನಿಜವಾದ ನ್ಯಾಟಿಗೆ ರಿವೆಟ್ ಹೊಡೆದ ಒಂದು ಜೊತೆ ಕಣ್ಣಿಗೆ ಮಾತ್ರ. ಅಂಥವರು ಮನೆಯಲ್ಲಿರುವಾಗಲೇ ಕೇಳಿ ತಿಳಿಯಬೇಕಿತ್ತು, ಕಟ್ಟಿ ಮುಗಿಸಿದ ಮೇಲೆ ತೋರಿಸುವುದಲ್ಲ.

ಎರಡನೆಯ ಕಿಟ್ಟನ್ನು ಸಾವಕಾಶವಾಗಿ ಕಟ್ಟಿದೆ. ದಿನವೂ ರಾತ್ರಿ ಕೆಲಸ, ಬೆಳಿಗ್ಗೆ ತಪಾಸಣೆ. ಮೂಗಿನಲ್ಲಿ ಬೇರಿಂಗ್ ಗುಂಡು ಇಟ್ಟೆ. ಮೈಗೆ ಕೆಂಪು ಬಣ್ಣ ಕೊಟ್ಟೆ. ಬ್ರಿಟಿಷ್ ವಾಯುಪಡೆಯ ರೆಡ್ ಆರೋಸ್ ತಂಡ 1965ರಿಂದ 1979ರವರೆಗೆ ಈ ಟಿ.1ನ್ನೇ ಕೆಂಪು ಬಳಿದು ಹಾರಿಸಿತು. ಹಾಗಾಗಿ ಇದು ನಮ್ಮದಲ್ಲದಿದ್ದರೂ ನಿಜ. ಮೂರು ಕಾಲಿನ ಮೇಲೆ ನೆಟ್ಟಗೆ ನಿಂತಿದೆ.

ಬೆಂಕಿಕಡ್ಡಿಯದನ್ನು ತಾತ ಹಿಂದಕ್ಕೆ ಕೊಡಲಿಲ್ಲ. ಟಿ.ವಿ. ಪಕ್ಕದಲ್ಲಿ ಇಟ್ಟುಕೊಂಡಿದ್ದಾರೆ. ಬಂದವರಿಗೆಲ್ಲ ತೋರಿಸಿ, ಅದರಲ್ಲಿ ಏನೇನು ತಪ್ಪಿದೆ ಎಂದು ವಿವರಿಸುತ್ತಾರಂತೆ. ಮುಂದಿನ ರಜೆಗೆ ಒಂದು ಸೀಟಿನ ನ್ಯಾಟ್ ಕಿಟ್ ಹುಡುಕಿ ಒಯ್ಯುವವನಿದ್ದೇನೆ. ಈ ಸಲ ಮೈಯ ಎರಡು ಹೋಳನ್ನು ಬಿಡಿಯಾಗಿಯೇ ತೆಗೆದುಕೊಂಡು ಹೋಗುತ್ತೇನೆ. ಅವರು ನೋಡಿ "ಹೂಂ" ಎಂದ ಮೇಲೆ ಮುಚ್ಚುವುದು.