ಲೋಹದ ಪುಡಿಯಿಂದ ರಾಕೆಟ್ ಎಂಜಿನು

ಶಿಲ್ಪಿಯು ಕಲ್ಲನ್ನು ಕೆತ್ತಿ ವಿಗ್ರಹವನ್ನು ಮಾಡುವಾಗ ಬೇಡದ ಭಾಗವೆಲ್ಲ ಚೂರಾಗಿ ಬೀಳುತ್ತದೆ. ಗೆದ್ದಲಾದರೋ ಕಣದ ಮೇಲೆ ಕಣವನ್ನಿಟ್ಟು ಹುತ್ತವನ್ನು ಬೆಳೆಸುತ್ತದೆ. ವಿದ್ಯಾರ್ಥಿಗಳೇ, ರಾಕೆಟ್ಟಿನ ಎಂಜಿನನ್ನು ಈ ಎರಡನೆಯ ಕ್ರಮದಿಂದಲೂ ನಿರ್ಮಿಸಬಹುದು.

ನಮ್ಮ ಪಿ.ಎಸ್.ಎಲ್.ವಿ. ರಾಕೆಟ್ಟಿನ ನಾಲ್ಕನೆಯ ಹಂತದ ಎಂಜಿನನ್ನು ನೋಡೋಣ. ಹಳೆಯ ಕ್ರಮದಲ್ಲಿ ಲೋಹವನ್ನು ಕಡೆದು 14 ಭಾಗಗಳನ್ನು ಮಾಡಿ, ಅವನ್ನು ಬೆಸೆಯಬೇಕು. ಹೊಸ ಕ್ರಮದಲ್ಲಿ ಲೋಹದ ಪುಡಿಯನ್ನು ತೆಳುವಾಗಿ ಹರಡಿ, ನಕ್ಷೆಗನುಸಾರವಾಗಿ ಬೇಕಾದೆಡೆಯಲ್ಲಿ ಮಾತ್ರ ಲೇಸರ್ ಕಿರಣದಿಂದ ಕರಗಿಸುತ್ತಾರೆ. ಅದು ಗಟ್ಟಿಯಾದೊಡನೆ ಅದರ ಮೇಲೆ ಇನ್ನೊಂದು ಪದರ. ಹೀಗೆ ಎಂಜಿನು ಒಂದೇ ತುಂಡಾಗಿ ಬೆಳೆಯುತ್ತದೆ. 565 ಕಿಲೋಗ್ರಾಂ ಲೋಹಕ್ಕೆ ಬದಲಾಗಿ 13.7 ಕಿಲೋಗ್ರಾಂ ಪುಡಿ ಸಾಕು. ಕಾಲದಲ್ಲಿಯೂ ನೂರಕ್ಕೆ 60ರಷ್ಟು ಉಳಿತಾಯ. 19 ಬೆಸುಗೆಗಳೂ ಇಲ್ಲವಾಗುತ್ತವೆ.

ಬೆಸುಗೆ ಇಲ್ಲವಾದರೆ ಲಾಭವೇನು? ಪ್ರತಿಯೊಂದು ಬೆಸುಗೆಯೂ ಬಿರುಕು ಬಿಡಬಹುದಾದ ಸ್ಥಾನ. ಹಾರುತ್ತಿರುವ ರಾಕೆಟ್ಟನ್ನು ನಿಲ್ಲಿಸಿ ದುರಸ್ತು ಮಾಡುವಂತಿಲ್ಲ.

ಆದರೆ ಹೊಸ ಕ್ರಮದಲ್ಲಿಯೂ ಅಪಾಯವುಂಟು. ಪುಡಿ ಸರಿಯಾಗಿ ಕರಗದಿದ್ದರೆ ಒಳಗೆ ಕಣ್ಣಿಗೆ ಕಾಣದ ಪೊಳ್ಳುಗಳು ಉಳಿದಾವು. ಆದುದರಿಂದ ಹೀಗೆ ತಯಾರಾದ ಎಂಜಿನನ್ನು ಭಾರತೀಯ ಬಾಹ್ಯಾಕಾಶ ಸಂಶೋಧನ ಸಂಸ್ಥೆಯು 2024ನೆಯ ಮೇ 9ರಂದು ತಮಿಳುನಾಡಿನ ಮಹೇಂದ್ರಗಿರಿಯಲ್ಲಿ 665 ಸೆಕೆಂಡುಗಳ ಕಾಲ ಉರಿಸಿ ಪರೀಕ್ಷಿಸಿತು. ಎಂಜಿನು ತೇರ್ಗಡೆಯಾಯಿತು. ಚಿನ್ನವನ್ನು ಒರೆಗೆ ಹಚ್ಚಿಯೇ ಕೊಳ್ಳುವಂತೆ, ಹೊಸ ವಿದ್ಯೆಯನ್ನು ಪರೀಕ್ಷಿಸಿಯೇ ನಂಬುವುದು ವಿಜ್ಞಾನದ ಕ್ರಮ.