ಕಬ್ಬಿನ ಟ್ರ್ಯಾಕ್ಟರ್: ಹೇರುವ, ಓಡಿಸುವ, ನಿಲ್ಲಿಸುವ ಕ್ರಮ

ಕಬ್ಬು ಬೆಳೆಯಲು ಹನ್ನೆರಡು ತಿಂಗಳು ಬೇಕು. ಗದ್ದೆಯಿಂದ ಕಾರ್ಖಾನೆಗೆ ಸಾಗಿಸಲು ಕೆಲವೇ ಗಂಟೆ ಸಾಕು. ಆದರೆ ಈ ಕೆಲವು ಗಂಟೆಗಳಲ್ಲಿ ಆಗುವ ಅಚಾತುರ್ಯದಿಂದ ಬೆಳೆಯಷ್ಟೇ ಅಲ್ಲ, ಗಾಡಿ, ಮೈಕೈ, ಕೆಲವೊಮ್ಮೆ ಪ್ರಾಣವೂ ಹೋಗುವುದುಂಟು. ಕಡಿದ ಕಬ್ಬನ್ನು 24 ಗಂಟೆಯೊಳಗೆ ಅರೆಸಿದರೆ ತೂಕವೂ ಸಕ್ಕರೆಯ ಅಂಶವೂ ಉಳಿಯುತ್ತದೆ. ಈ ಕಾರಣಕ್ಕೆ ರೈತರಿಗೆ ಆತುರ ಸಹಜ. ಒಂದು ಸಲ ಬರುವ ಕಡೆ ಎರಡು ಸಲ ಬರಬೇಕಲ್ಲ ಎಂದು ಹೊರೆ ಹೆಚ್ಚು ಹೇರುವುದೂ, ಸರದಿ ತಪ್ಪೀತೆಂದು ವೇಗವಾಗಿ ಓಡಿಸುವುದೂ ಈ ಆತುರದ ಫಲಗಳೇ.

ಶ್ರೀರಂಗಪಟ್ಟಣಕ್ಕೆ ಸಮೀಪದ ಕಿರಂಗೂರಿನಲ್ಲಿ ಪಾಂಡವಪುರ, ನಾಗಮಂಗಲದ ಕಡೆಯ ರಸ್ತೆ ಬಂದು ಬೆಂಗಳೂರು–ಮೈಸೂರು ರಸ್ತೆಯನ್ನು ಕೂಡುತ್ತದೆ. ಶ್ರೀರಂಗಪಟ್ಟಣದ ದಸರಾ ಮೆರವಣಿಗೆ ಹೊರಡುವುದು ಈ ಊರಿನ ಬನ್ನಿಮಂಟಪದಿಂದ. ಬಸ್ಸು, ಲಾರಿ, ಪ್ರವಾಸಿಗರ ಕಾರು, ಎತ್ತಿನಗಾಡಿ, ಕಬ್ಬಿನ ಟ್ರ್ಯಾಕ್ಟರ್ ಎಲ್ಲವೂ ಓಡಾಡುವ ಇಂತಹ ಕಡೆ ಟ್ರ್ಯಾಕ್ಟರ್ ಇರುವ ಪ್ರತಿಯೊಬ್ಬ ರೈತನೂ ಮೂರು ವಿಷಯಗಳನ್ನು ಚೆನ್ನಾಗಿ ತಿಳಿದಿರುವುದು ಅವಶ್ಯಕ: ಹೇರುವುದು ಹೇಗೆ, ಓಡಿಸುವುದು ಹೇಗೆ, ನಿಲ್ಲಿಸುವುದು ಹೇಗೆ.

ಹೊರಡುವ ಮುನ್ನ

ಗದ್ದೆಯಲ್ಲಿ ಉಳುವಾಗ ಟ್ರ್ಯಾಕ್ಟರಿನ ಎಡ, ಬಲ ಬ್ರೇಕುಗಳನ್ನು ಬೇರೆಬೇರೆಯಾಗಿ ಒತ್ತುವ ಅನುಕೂಲವಿರುತ್ತದೆ. ಸಾಲಿನ ಕೊನೆಯಲ್ಲಿ ತಿರುಗಿಸಲು ಇದು ಬೇಕು. ಆದರೆ ರಸ್ತೆಗೆ ಬಂದ ಕೂಡಲೇ ಎರಡು ಪೆಡಲುಗಳನ್ನೂ ಅದಕ್ಕೆಂದೇ ಇರುವ ಕೊಂಡಿಯಿಂದ ಜೋಡಿಸಬೇಕು. ಮರೆತು ಒಂದೇ ಪೆಡಲನ್ನು ಒತ್ತಿದರೆ ಒಂದು ಹಿಂಚಕ್ರ ಮಾತ್ರ ನಿಂತು, ಟ್ರ್ಯಾಕ್ಟರ್ ಗಕ್ಕನೆ ಆ ಕಡೆಗೆ ತಿರುಗಿ ಮಗುಚುತ್ತದೆ. ಎರಡು ಬ್ರೇಕುಗಳೂ ಸಮನಾಗಿ ಹಿಡಿಯುತ್ತವೆಯೇ ಎಂದು ಬರಿಗಾಡಿಯಲ್ಲಿಯೇ ನೋಡಿಕೊಳ್ಳಬೇಕು.

ಆ ಬಳಿಕ ಟೈರುಗಳ ಗಾಳಿ, ಚಕ್ರದ ನಟ್ಟುಗಳು, ಟ್ರೇಲರ್ ಜೋಡಿಸುವ ಪಿನ್ನು ಇವನ್ನು ಪರೀಕ್ಷಿಸಬೇಕು. ಪಿನ್ನು ಸವೆದಿರಬಾರದು, ಅದು ಮೇಲಕ್ಕೆ ಜಿಗಿಯದಂತೆ ಕೆಳಗೆ ಕ್ಲಿಪ್ಪು ಹಾಕಿರಬೇಕು. ಹಳೆಯ ಬೋಲ್ಟು, ಕಬ್ಬಿಣದ ತುಂಡು ಇವನ್ನು ಪಿನ್ನಿನ ಬದಲಿಗೆ ಬಳಸುವುದು ಅಪಾಯ. ಪಿನ್ನಿನ ಜೊತೆಗೆ ಒಂದು ಗಟ್ಟಿ ಸರಪಳಿಯನ್ನೂ ಹಾಕಿದರೆ, ಪಿನ್ನು ಮುರಿದರೂ ಟ್ರೇಲರ್ ಕಳಚಿ ಹಿಂದಕ್ಕೆ ಓಡುವುದಿಲ್ಲ.

ಹೇರುವ ಕ್ರಮ

1. ತೂಕ: ಟ್ರೇಲರಿನ ನೋಂದಣಿ ಪತ್ರದಲ್ಲಿ ನಮೂದಿಸಿದ ತೂಕವೇ ಮಿತಿ. ಹಿಂದಿನ ಸಲದ ವೇಬ್ರಿಡ್ಜ್ ಚೀಟಿಯನ್ನು ಇಟ್ಟುಕೊಂಡಿದ್ದರೆ, ಎಷ್ಟು ಹೊರೆಗೆ ಎಷ್ಟು ತೂಕ ಬಂದಿತ್ತೆಂಬುದು ಗೊತ್ತಾಗುತ್ತದೆ. ಮುಂದಿನ ಸಲ ಹೇರುವಾಗ ಅದೇ ಅಳತೆ.

2. ಎತ್ತರ: ಹೊರೆ ಮೇಲಕ್ಕೆ ಹೋದಂತೆ ಗಾಡಿ ಮಗುಚುವುದು ಸುಲಭವಾಗುತ್ತದೆ. ಎಡಬಲ ಚಕ್ರಗಳ ನಡುವಿನ ಅಗಲ 160 ಸೆಂ.ಮೀ., ಒಟ್ಟು ಭಾರದ ಕೇಂದ್ರ ನೆಲದಿಂದ 160 ಸೆಂ.ಮೀ. ಎತ್ತರದಲ್ಲಿದೆ ಎಂದುಕೊಳ್ಳೋಣ. ನಿಂತ ಗಾಡಿ ಸುಮಾರು 26 ಡಿಗ್ರಿ ವಾಲುವವರೆಗೆ ಬೀಳುವುದಿಲ್ಲ. ಹೊರೆ ಏರಿಸಿ ಕೇಂದ್ರ 200 ಸೆಂ.ಮೀ.ಗೆ ಹೋದರೆ ಸುಮಾರು 21 ಡಿಗ್ರಿಗೇ ಉರುಳುತ್ತದೆ. ಓಡುವ ಗಾಡಿಗೆ ತಿರುವಿನ ಎಳೆತ, ಹಳ್ಳದ ಕುಲುಕಾಟ ಎರಡೂ ಸೇರುವುದರಿಂದ ಇನ್ನೂ ಬೇಗ ಉರುಳುತ್ತದೆ.

3. ಹಂಚಿಕೆ: ಎರಡು ಚಕ್ರದ ಟ್ರೇಲರಿನಲ್ಲಿ ಭಾರ ಚಕ್ರಗಳಿಗಿಂತ ತುಸು ಮುಂದಕ್ಕೆ ಇರಬೇಕು. ಹಿಂದಕ್ಕೆ ಹೆಚ್ಚಾದರೆ ಟ್ರೇಲರಿನ ಮೂತಿ ಮೇಲಕ್ಕೆದ್ದು ಟ್ರ್ಯಾಕ್ಟರಿನ ಹಿಂಭಾಗವನ್ನು ಎತ್ತುತ್ತದೆ. ಆಗ ಹಿಂಚಕ್ರಗಳಿಗೆ ಹಿಡಿತವಿಲ್ಲದೆ ಬ್ರೇಕು ನಿಷ್ಪ್ರಯೋಜಕವಾಗುತ್ತದೆ. ಮುಂದಕ್ಕೆ ತೀರಾ ಹೆಚ್ಚಾದರೆ ಟ್ರ್ಯಾಕ್ಟರಿನ ಮುಂಚಕ್ರಗಳು ಹಗುರಾಗಿ ಸ್ಟೇರಿಂಗ್ ಮಾತು ಕೇಳುವುದಿಲ್ಲ. ನಾಲ್ಕು ಚಕ್ರದ ಟ್ರೇಲರಿನಲ್ಲಿ ಭಾರ ಸಮನಾಗಿ ಹರಡಿರಬೇಕು. ಎಡಬಲಗಳಲ್ಲಿ ಯಾವ ಟ್ರೇಲರಿಗೂ ಹೆಚ್ಚುಕಡಿಮೆ ಇರಬಾರದು.

4. ಬಿಗಿಯುವುದು: ಹಗ್ಗವನ್ನು ಅಥವಾ ಸರಪಳಿಯನ್ನು ಕನಿಷ್ಠ ಎರಡು ಕಡೆ ಅಡ್ಡಲಾಗಿ ಹಾಕಿ ಬಿಗಿಯಬೇಕು. ಒಂದೆರಡು ಕಿ.ಮೀ. ಹೋದ ಮೇಲೆ ಕಬ್ಬು ಕುಳಿತು ಹಗ್ಗ ಸಡಿಲವಾಗುತ್ತದೆ. ಆಗ ನಿಲ್ಲಿಸಿ ಇನ್ನೊಮ್ಮೆ ಬಿಗಿಯುವುದು ಒಳ್ಳೆಯ ಅಭ್ಯಾಸ. ಪಕ್ಕಕ್ಕೆ ಚಾಚಿದ ಜಲ್ಲೆಗಳನ್ನು ಕತ್ತರಿಸಬೇಕು. ರಾತ್ರಿಯಲ್ಲಿ ದ್ವಿಚಕ್ರ ವಾಹನದವರ ಮುಖಕ್ಕೆ ತಾಗುವುದು ಇವೇ. ಹಿಂದೆ ಜೋತುಬಿದ್ದ ಸೋಗೆ ಕೆಂಪು ದೀಪವನ್ನು ಮುಚ್ಚದಂತೆ ನೋಡಿಕೊಳ್ಳಬೇಕು.

5. ಹೊರೆಯ ಮೇಲೆ ಜನ: ಕಬ್ಬು ಕಡಿದ ಆಳುಗಳು ಹೊರೆಯ ಮೇಲೆಯೋ, ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆಯೋ ಕುಳಿತು ಊರಿಗೆ ಬರುವುದು ಎಲ್ಲ ಕಡೆಯೂ ಕಾಣುವ ನೋಟ. ಕುಲುಕಾಟಕ್ಕೆ ಜಾರಿದವರು ಬೀಳುವುದು ಚಕ್ರದ ಮುಂದಕ್ಕೆ. ಕೆಳಗೆ ತಗ್ಗಿರುವ ವಿದ್ಯುತ್ ತಂತಿಗಳ ಅಪಾಯವೂ ಉಂಟು. ವಿಮಾ ಪತ್ರದಲ್ಲಿ ಅವರ ಲೆಕ್ಕವಿಲ್ಲದಿದ್ದರೆ ಪರಿಹಾರದ ಹೊರೆ ಮಾಲೀಕನ ಮೇಲೆಯೇ ಬೀಳಬಹುದು. ಹೊಲ ಮಾರಿದರೂ ತೀರದ ಸಾಲ ಹೀಗೆ ಬರುವುದುಂಟು. ಆಳುಗಳನ್ನು ಬೇರೆ ವಾಹನದಲ್ಲಿ ಕಳುಹಿಸುವ ಖರ್ಚು ಇದರ ಮುಂದೆ ಅಲ್ಪ.

ಗದ್ದೆಯಿಂದ ರಸ್ತೆಗೆ ಹತ್ತಿಸುವಾಗ ಏರು ಕಡಿದಾಗಿದ್ದರೆ ಮಣ್ಣು ಹಾಕಿ ಇಳಿಜಾರು ಮಾಡಿಕೊಳ್ಳಬೇಕು. ಮುಂಚಕ್ರ ಮೇಲೇಳುತ್ತಿದ್ದರೆ ಅರ್ಧ ಹೊರೆ ಇಳಿಸುವುದೇ ದಾರಿ. ಮುಂದೆ ಜನರನ್ನು ಕೂರಿಸಿ ಭಾರ ಕೊಡುವ ರೂಢಿ ಸರ್ವಥಾ ಕೂಡದು. ಟ್ರೇಲರನ್ನು ಯಾವಾಗಲೂ ಕೆಳಗಿನ ಡ್ರಾಬಾರಿಗೇ ಜೋಡಿಸಬೇಕು. ಎಳೆತದ ಜಾಗ ಮೇಲಕ್ಕೆ ಹೋದರೆ ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಿ ಚಾಲಕನ ಮೇಲೆಯೇ ಬೀಳುತ್ತದೆ.

ಓಡಿಸುವ ಕ್ರಮ

ಅಪಾಯ ಕಂಡ ಮೇಲೆ ಕಾಲು ಬ್ರೇಕಿಗೆ ಹೋಗಲು ಸುಮಾರು ಒಂದು ಸೆಕೆಂಡು ಬೇಕು. ಆ ಒಂದು ಸೆಕೆಂಡಿನಲ್ಲಿ ಗಂಟೆಗೆ 20 ಕಿ.ಮೀ. ವೇಗದ ಗಾಡಿ 5.5 ಮೀಟರ್ ಮುಂದೆ ಹೋಗಿರುತ್ತದೆ, 40 ಕಿ.ಮೀ. ವೇಗದ್ದು 11 ಮೀಟರ್. ಟ್ರೇಲರಿಗೆ ಬ್ರೇಕು ಇಲ್ಲದಿದ್ದರೆ ಎರಡರ ಭಾರವನ್ನೂ ಟ್ರ್ಯಾಕ್ಟರಿನ ಬ್ರೇಕೇ ತಡೆಯಬೇಕು. ಅದು ಪ್ರತಿ ಸೆಕೆಂಡಿಗೆ ಸುಮಾರು 7 ಕಿ.ಮೀ.ನಷ್ಟು ವೇಗ ಇಳಿಸಬಲ್ಲುದು ಎಂದು ಹಿಡಿದರೆ, 20 ಕಿ.ಮೀ. ವೇಗದ ಗಾಡಿ ಒಟ್ಟು 13 ಮೀಟರಿನಲ್ಲಿ ನಿಲ್ಲುತ್ತದೆ. 40 ಕಿ.ಮೀ. ವೇಗದ್ದು ನಿಲ್ಲಲು 42 ಮೀಟರ್ ಬೇಕು. ವೇಗ ಎರಡರಷ್ಟಾದರೆ ಬ್ರೇಕು ಹಿಡಿದ ಮೇಲೆ ಓಡುವ ದೂರ ನಾಲ್ಕರಷ್ಟಾಗುತ್ತದೆ ಎಂಬುದನ್ನು ಮರೆಯಬಾರದು. ತಿರುವಿನಲ್ಲಿ ಹೊರಕ್ಕೆಳೆಯುವ ಬಲಕ್ಕೂ ಇದೇ ಲೆಕ್ಕ.

ಇಳಿಜಾರಿನಲ್ಲಿ ಡೀಸೆಲ್ ಉಳಿತಾಯವೆಂದು ಗೇರನ್ನು ನ್ಯೂಟ್ರಲ್‌ಗೆ ತರುವುದು ಅತ್ಯಂತ ಅಪಾಯಕರ. ಹಿಂದಿನ ಟ್ರೇಲರ್ ಟ್ರ್ಯಾಕ್ಟರನ್ನು ನೂಕಿಕೊಂಡು ಬರುತ್ತದೆ. ಆಗ ಬ್ರೇಕು ಒತ್ತಿದರೆ ಟ್ರ್ಯಾಕ್ಟರ್ ಅಡ್ಡ ತಿರುಗಿ, ಎರಡೂ ಚಾಕು ಮಡಚಿದಂತೆ ಮಡಚಿಕೊಳ್ಳುತ್ತವೆ. ಇಳಿಯುವ ಮೊದಲೇ ಕೆಳಗಿನ ಗೇರಿಗೆ ಹಾಕಿ, ಎಂಜಿನ್ನಿನ ತಡೆಯಲ್ಲಿಯೇ ನಿಧಾನವಾಗಿ ಇಳಿಯಬೇಕು. ತಿರುವಿನಲ್ಲಿ ಟ್ರೇಲರಿನ ಚಕ್ರ ಟ್ರ್ಯಾಕ್ಟರಿನ ಜಾಡಿಗಿಂತ ಒಳಕ್ಕೆ ಬರುವುದರಿಂದ ಮೂಲೆಯಲ್ಲಿ ನಿಂತವರನ್ನೂ, ಮೋರಿಯ ಕಲ್ಲನ್ನೂ ಗಮನಿಸಿ ಅಗಲವಾಗಿ ತಿರುಗಿಸಬೇಕು.

ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೋ ಹಾಗೂ ಟ್ರ್ಯಾಕ್ಟರುಗಳ ಸಂಚಾರವನ್ನು ನಿಷೇಧಿಸಲಾಗಿದೆ. ಇವು ಪಕ್ಕದ ಸರ್ವಿಸ್ ರಸ್ತೆಯಲ್ಲೇ ಸಾಗಬೇಕು. ನೂರರ ವೇಗದಲ್ಲಿ ಬರುವ ಕಾರಿನ ಮುಂದೆ ಇಪ್ಪತ್ತರ ವೇಗದ ಟ್ರ್ಯಾಕ್ಟರ್ ನಿಂತ ಗೋಡೆಗೆ ಸಮಾನ. ದೂರ ಉಳಿಯುತ್ತದೆಂದು ಸರ್ವಿಸ್ ರಸ್ತೆಯಲ್ಲಿ ಎದುರುಮುಖವಾಗಿ ಬರುವುದೂ ತಪ್ಪು.

ಕಾಲುವೆ ಏರಿಯ ಮೇಲೆ

ವಿಶ್ವೇಶ್ವರಯ್ಯ ಕಾಲುವೆ ಈ ಸೀಮೆಗೆ ಅನ್ನ ಕೊಟ್ಟಿದೆ. ಆದರೆ ಅದರ ಏರಿಯ ರಸ್ತೆಗಳು ಎಚ್ಚರ ತಪ್ಪಿದವರನ್ನು ಕ್ಷಮಿಸುವುದಿಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ಈ ಕಾಲುವೆಗೆ ಉರುಳಿ 30 ಜನ ಮೃತಪಟ್ಟರು. ಅವರಲ್ಲಿ ಶಾಲಾ ಮಕ್ಕಳೂ ಇದ್ದರು. 2023ರ ನವೆಂಬರಿನಲ್ಲಿ ಅದೇ ತಾಲ್ಲೂಕಿನ ಬನಘಟ್ಟದ ಬಳಿ ಕಾರೊಂದು ಕಾಲುವೆಗೆ ಬಿದ್ದು ಐವರು ತೀರಿಕೊಂಡರು.

ತಡೆಗೋಡೆ ಇಲ್ಲದ ಏರಿಯಲ್ಲಿ ಅಂಚಿನಿಂದ ಕನಿಷ್ಠ ಒಂದು ಚಕ್ರದ ಅಗಲಕ್ಕಿಂತ ಹೆಚ್ಚು ಜಾಗ ಬಿಟ್ಟೇ ಓಡಿಸಬೇಕು. ಮಳೆ ಬಂದಾಗ ಅಂಚಿನ ಮಣ್ಣು ಭಾರಕ್ಕೆ ಕುಸಿಯುತ್ತದೆ. ಎದುರಿಗೆ ವಾಹನ ಬಂದರೆ ಅಂಚಿಗೆ ಸರಿದು ದಾರಿ ಬಿಡುವ ಬದಲು, ಅಗಲವಿರುವ ಕಡೆ ಮೊದಲೇ ನಿಂತು ಅದನ್ನು ಹೋಗಗೊಡುವುದು ಲೇಸು.

ಕಾರು ನೀರಿಗೆ ಬಿದ್ದರೆ ಬಾಗಿಲು ತೆಗೆಯಲು ಹೆಣಗಬಾರದು. ಹೊರಗಿನ ನೀರಿನ ಒತ್ತಡಕ್ಕೆ ಅದು ತೆರೆಯುವುದಿಲ್ಲ. ಕಾರು ಇನ್ನೂ ತೇಲುತ್ತಿರುವ ಮೊದಲ ಕ್ಷಣಗಳಲ್ಲೇ ಬೆಲ್ಟು ಬಿಚ್ಚಿ, ಕಿಟಕಿ ಇಳಿಸಿ, ಮಕ್ಕಳನ್ನು ಮೊದಲು ಹೊರಕ್ಕೆ ದಾಟಿಸಿ ತಾವೂ ಹೊರಬರಬೇಕು. ದಡದಲ್ಲಿರುವವರು ಈಜು ಬಾರದೆ ಧುಮುಕಬಾರದು. ಕಾಲುವೆಯ ಗೋಡೆ ನುಣುಪಾಗಿದ್ದು ಹತ್ತಿ ಬರಲು ಹಿಡಿತ ಸಿಕ್ಕುವುದಿಲ್ಲ. ಹಗ್ಗ, ಸೀರೆ, ಉದ್ದನೆಯ ಗಳ ಇವನ್ನು ಎಸೆದು ಎಳೆದುಕೊಳ್ಳುವುದು ಸರಿಯಾದ ಕ್ರಮ. ಏರಿಯ ಪಕ್ಕದ ಹೊಲದವರು ಪಂಪುಸೆಟ್ಟಿನ ಮನೆಯಲ್ಲಿ ಒಂದು ಉದ್ದನೆಯ ಹಗ್ಗ ಇಟ್ಟಿರುವುದು ಊರಿಗೇ ಉಪಕಾರ.

ನಿಲ್ಲಿಸುವ ಕ್ರಮ

ರಾತ್ರಿ ರಸ್ತೆಯಲ್ಲಿ ಕೆಟ್ಟು ನಿಂತ, ದೀಪವಿಲ್ಲದ ಟ್ರೇಲರ್ ಅಪಘಾತಗಳ ದೊಡ್ಡ ಮೂಲ. ಎದುರಿನವರಿಗೆಂದು ಬೆಳಕು ತಗ್ಗಿಸಿಕೊಂಡು ಬರುವ ಕಾರಿನವನಿಗೆ ಅದು ಕಾಣುವುದು ಸುಮಾರು 40 ಮೀಟರಿಗೆ ಬಂದಾಗ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಆ ದೂರ ಎರಡು ಸೆಕೆಂಡಿನೊಳಗೆ ಮುಗಿದುಹೋಗುತ್ತದೆ. ಒಳ್ಳೆಯ ಬ್ರೇಕು ಇದ್ದರೂ ಅವನು ನಿಲ್ಲಿಸಲಾರ. ಆದ್ದರಿಂದ:

• ಸಾಧ್ಯವಾದ ಮಟ್ಟಿಗೂ ಟಾರು ರಸ್ತೆಯಿಂದ ಪೂರ್ತಿ ಕೆಳಗೆ, ಗಟ್ಟಿ ನೆಲದಲ್ಲಿ ನಿಲ್ಲಿಸಬೇಕು. ತಿರುವು, ಸೇತುವೆ, ದಿಣ್ಣೆಯ ನೆತ್ತಿ ಇವುಗಳಲ್ಲಿ ನಿಲ್ಲಿಸಲೇಬಾರದು.
• ಟ್ರೇಲರಿನ ಹಿಂಬದಿಗೂ ಪಕ್ಕಗಳಿಗೂ ಬೆಳಕು ಮರಳಿಸುವ ಕೆಂಪು ಮತ್ತು ಹಳದಿ ಪಟ್ಟಿಗಳನ್ನು ಅಂಟಿಸಬೇಕು. ಸುಗ್ಗಿಯಲ್ಲಿ ವಾರಕ್ಕೊಮ್ಮೆ ಕೆಸರು ಒರೆಸದಿದ್ದರೆ ಅವು ಇದ್ದೂ ಇಲ್ಲದಂತೆ.
• ಕೆಟ್ಟು ನಿಂತಾಗ ಎಚ್ಚರಿಕೆಯ ತ್ರಿಕೋನ ಅಥವಾ ಮಿನುಗುವ ಟಾರ್ಚನ್ನು ಐವತ್ತು ಹೆಜ್ಜೆಗಿಂತ ಹಿಂದೆ ಇಡಬೇಕು. ಸೊಪ್ಪಿನ ಕೊಂಬೆಯೊಂದೇ ರಾತ್ರಿಗೆ ಸಾಲದು.
• ಚಕ್ರಕ್ಕೆ ಒಡ್ಡಿದ ಕಲ್ಲುಗಳನ್ನು ಹೊರಡುವಾಗ ತಪ್ಪದೆ ಪಕ್ಕಕ್ಕೆ ಹಾಕಬೇಕು. ರಸ್ತೆಯಲ್ಲೇ ಬಿಟ್ಟುಹೋದ ಕಲ್ಲು ಮುಂದೆ ಬರುವ ಬೈಕಿನವನನ್ನು ಕೊಲ್ಲಬಲ್ಲುದು. ಕಲ್ಲಿನ ಬದಲು ಹಗ್ಗ ಕಟ್ಟಿದ ಮರದ ಅಡ್ಡೆಯನ್ನು ಗಾಡಿಯಲ್ಲೇ ಇಟ್ಟುಕೊಂಡರೆ ಮರೆಯುವ ಪ್ರಶ್ನೆಯೇ ಇಲ್ಲ.
• ಇಳಿಯುವ ಮುನ್ನ ಎಂಜಿನ್ ನಿಲ್ಲಿಸಿ, ಗೇರಿಗೆ ಹಾಕಿ, ಕೈಬ್ರೇಕು ಎಳೆದು, ಬೀಗದ ಕೈ ತೆಗೆದುಕೊಳ್ಳಬೇಕು. ನಿಂತ ಟ್ರ್ಯಾಕ್ಟರ್ ಮಕ್ಕಳಿಗೆ ಆಟದ ಸಾಮಾನಲ್ಲ.
• ಕಾರ್ಖಾನೆಯ ಸರದಿಯಲ್ಲಿ ರಾತ್ರಿ ಕಾಯುವಾಗ ಟ್ರೇಲರಿನ ಕೆಳಗೆ ಮಲಗುವುದು ಬೇಡವೇ ಬೇಡ. ಮುಂದಿನ ಗಾಡಿ ಸರಿದಾಗ ನಿದ್ದೆಗಣ್ಣಿನಲ್ಲಿ ಟ್ರ್ಯಾಕ್ಟರ್ ಹೊರಡಿಸುವವರು ಕೆಳಗೆ ಬಗ್ಗಿ ನೋಡುವುದಿಲ್ಲ.

ರಸ್ತೆಯ ಮೇಲಿನ ಒಕ್ಕಣೆ

ನಾಗಮಂಗಲ, ಕೆ.ಆರ್. ಪೇಟೆ ಕಡೆ ಸುಗ್ಗಿ ಬಂತೆಂದರೆ ರಾಗಿ, ಹುರುಳಿಯನ್ನು ಟಾರು ರಸ್ತೆಯ ಮೇಲೆ ಹರಡುವುದು ವಾಡಿಕೆಯಾಗಿದೆ. ಕಣ ಮಾಡುವ ಶ್ರಮ ಉಳಿಯುತ್ತದೆ ಎಂಬುದೇನೋ ನಿಜ. ಆದರೆ ಹುಲ್ಲಿನ ಮೇಲೆ ಬೈಕು ಜಾರುತ್ತದೆ. ಹುರುಳಿ ಬಳ್ಳಿ ಕಾರಿನ ಅಡಿಯ ಅಚ್ಚಿಗೆ ಸುತ್ತಿಕೊಂಡು, ಬಿಸಿಯಾದ ಹೊಗೆ ಕೊಳವೆಗೆ ತಗುಲಿ ಬೆಂಕಿ ಹೊತ್ತಿಕೊಳ್ಳುತ್ತದೆ. ರಾಗಿಗೆ ಕಲ್ಲು, ಟಾರಿನ ಚೂರು ಸೇರಿ ಬೆಲೆ ಇಳಿಯುವುದು ರೈತನಿಗೇ ನಷ್ಟ. ನಾಲ್ಕಾರು ಮನೆಯವರು ಸೇರಿ ಒಂದು ಕಾಂಕ್ರೀಟ್ ಕಣ ಮಾಡಿಕೊಳ್ಳುವುದು, ಅಥವಾ ಒಕ್ಕಣೆ ಯಂತ್ರವನ್ನು ಬಾಡಿಗೆಗೆ ತರುವುದು ಉತ್ತಮ. ಇಂತಹ ರಸ್ತೆಯಲ್ಲಿ ಬಂದ ಕಾರಿನವರು ಹುಲ್ಲು ದಾಟಿದ ಮೇಲೆ ನಿಲ್ಲಿಸಿ, ಅಡಿಯಲ್ಲಿ ಸಿಕ್ಕಿದ್ದನ್ನು ಕೋಲಿನಿಂದ ಎಳೆದುಹಾಕಿ ಮುಂದೆ ಹೋಗಬೇಕು.

ಮನೆಯ ಕಾರಿನಲ್ಲಿ ಗೊಬ್ಬರ, ಹಿಂಡಿ ತರುವವರೂ ಈಗ ಹೆಚ್ಚು. ಮೂಟೆಗಳನ್ನು ಸೀಟಿನ ಮೇಲೆ ಒಟ್ಟಬಾರದು. ಗಕ್ಕನೆ ಬ್ರೇಕು ಹಾಕಿದರೆ 50 ಕೆ.ಜಿ. ಮೂಟೆ ಮುಂದೆ ಕುಳಿತವರ ಬೆನ್ನಿಗೆ ಬಂದು ಬಡಿಯುತ್ತದೆ. ಭಾರವನ್ನು ಡಿಕ್ಕಿಯಲ್ಲಿ, ಸೀಟಿನ ಬೆನ್ನಿಗೆ ಒತ್ತಿ, ತಗ್ಗಿನಲ್ಲಿ ಇಡಬೇಕು. ಕೀಟನಾಶಕವನ್ನು ಜನರೊಡನೆ ಒಂದೇ ಕಾರಿನಲ್ಲಿ ತರಬಾರದು.

ಅಪಘಾತವಾದಾಗ

ಮೊದಲು ಎಂಜಿನ್ ನಿಲ್ಲಿಸಿ, ಹಿಂದಿನಿಂದ ಬರುವ ವಾಹನಗಳನ್ನು ಎಚ್ಚರಿಸಬೇಕು. 108ಕ್ಕೆ ಅಥವಾ 112ಕ್ಕೆ ಕರೆ ಮಾಡಿ ಊರು ಮತ್ತು ಗುರುತನ್ನು ಸ್ಪಷ್ಟವಾಗಿ ತಿಳಿಸಬೇಕು. ಗಾಯಾಳುವಿಗೆ ನೆರವಾದವರನ್ನು ಕಾನೂನು ರಕ್ಷಿಸುತ್ತದೆ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯಿದೆಗೆ ಈ ವಿಧಿಯನ್ನು ಸೇರಿಸಲಾಗಿದೆ. ಪೊಲೀಸರ ಭಯದಿಂದ ದೂರ ನಿಲ್ಲಬೇಕಾಗಿಲ್ಲ.

ಒಂದು ಗಾಡಿ ಕಬ್ಬು ಮರುದಿನವೂ ಕಾರ್ಖಾನೆಗೆ ಹೋಗಬಲ್ಲುದು. ಹೋದ ಜೀವ ಬರಲಾರದು. ವಿಸ್ತರಣಾ ಕಾರ್ಯಕರ್ತರು ಕಟಾವಿಗೆ ಮುಂಚೆ ಊರಿನ ಚಾಲಕರನ್ನೂ ಮಾಲೀಕರನ್ನೂ ಒಂದೆಡೆ ಸೇರಿಸಿ, ಬ್ರೇಕು, ಪಿನ್ನು, ದೀಪ, ಪಟ್ಟಿ ಈ ನಾಲ್ಕನ್ನು ಎಲ್ಲರ ಎದುರಿಗೇ ಪರೀಕ್ಷಿಸಿ ತೋರಿಸಿದರೆ ಹೆಚ್ಚು ಪ್ರಯೋಜನವಾದೀತು.

ಚರ್ಚೆಗೆ ಪ್ರಶ್ನೆಗಳು

1. ರಸ್ತೆಯಲ್ಲಿ ಟ್ರ್ಯಾಕ್ಟರಿನ ಎರಡು ಬ್ರೇಕು ಪೆಡಲುಗಳನ್ನು ಏಕೆ ಜೋಡಿಸಬೇಕು?
2. ವೇಗ 20ರಿಂದ 40 ಕಿ.ಮೀ.ಗೆ ಏರಿದರೆ ಗಾಡಿ ನಿಲ್ಲುವ ದೂರ ಎಷ್ಟಾಗುತ್ತದೆ?
3. ಎರಡು ಚಕ್ರದ ಟ್ರೇಲರಿನಲ್ಲಿ ಹಿಂದಕ್ಕೆ ಹೆಚ್ಚು ಹೇರಿದರೆ ಏನಾಗುತ್ತದೆ?
4. ನಿಮ್ಮ ಊರಿನ ಹತ್ತಿರ ತಡೆಗೋಡೆ ಇಲ್ಲದ ಕಾಲುವೆ ಏರಿ ಎಲ್ಲಿದೆ? ಅಲ್ಲಿ ಊರವರು ಏನು ಮಾಡಬಹುದು?