ತೈಪೆಗೆ ಹೊರಟವಳಿಗೆ

ಮಗೂ, ತೈಪೆಯ ಬೇಸಿಗೆ ಶಾಲೆಗೆ ನಿನಗೆ ಸೀಟು ಸಿಕ್ಕಿತೆಂದು ಕೇಳಿ ತುಂಬಾ ಸಂತೋಷವಾಯಿತು. ದೇವನಹಳ್ಳಿ ಕಡೆ ಫಾಕ್ಸ್‌ಕಾನ್ ಕಾರ್ಖಾನೆ ಬಂದಮೇಲೆ ತೈವಾನ್ ಹೆಸರು ನಮ್ಮವರ ಬಾಯಲ್ಲೂ ಓಡಾಡುತ್ತಿದೆ. ಆದರೆ ಫೋನು, ಚಿಪ್ಪು ಬಿಟ್ಟರೆ ಆ ದ್ವೀಪದ ಬಗ್ಗೆ ನಮಗೆ ಗೊತ್ತಿರುವುದು ಬಹಳ ಕಡಿಮೆ. ನೀನು ಅಲ್ಲಿನ ಸಂಸ್ಕೃತಿ, ರಾಜಕೀಯ ತಿಳಿಯಲು ಹೊರಟಿದ್ದೀಯ. ಅದಕ್ಕೇ ಒಂದು ಮಾತು ಹೇಳುತ್ತೇನೆ: 'ಚೀನಾ ದಾಳಿ ಮಾಡುತ್ತಾ?' ಎಂದು ಮೊದಲ ವಾರದಲ್ಲಿ ಯಾರನ್ನೂ ಕೇಳಬೇಡ.

ಪ್ರಶ್ನೆ ದೊಡ್ಡದೇ. ಆದರೆ ಹೊರಗಿನಿಂದ ಬಂದವರೆಲ್ಲ ಅದನ್ನೇ ಕೇಳುತ್ತಾರೆ, ಅಲ್ಲಿನವರೂ ರೂಢಿಯಾದ ಉತ್ತರ ಕೊಟ್ಟು ಸುಮ್ಮನಾಗುತ್ತಾರೆ. ಬೀಜಿಂಗ್ ನಾಳೆ ಏನು ಮಾಡೀತು ಎನ್ನುವುದಕ್ಕೆ ಮುಂಚೆ, ತಮ್ಮನ್ನಾಳಿದ ಸರ್ಕಾರವೇ ತಮಗೆ ಏನು ಮಾಡಿತ್ತು ಎಂಬ ಕಥೆ ಆ ಜನರಲ್ಲಿದೆ. ಅಲ್ಲಿಂದ ಶುರು ಮಾಡು.

ಮೊದಲ ರಜೆಯ ದಿನವೇ 228 ಶಾಂತಿ ಸ್ಮಾರಕ ಉದ್ಯಾನಕ್ಕೆ ಹೋಗು. 1947ರ ಫೆಬ್ರವರಿ 28ರ ನೆನಪು ಅದು. ಹಿಂದಿನ ಸಂಜೆ ಕಳ್ಳಸಾಗಣೆಯ ಸಿಗರೇಟು ಮಾರುತ್ತಿದ್ದ ಒಬ್ಬ ವಿಧವೆಯ ತಲೆಗೆ ಸರ್ಕಾರಿ ನೌಕರರು ಬಂದೂಕಿನ ಹಿಡಿಯಿಂದ ಹೊಡೆದರು. ಗಲಾಟೆಯಲ್ಲಿ ಹಾರಿದ ಗುಂಡಿಗೆ ನೋಡುತ್ತ ನಿಂತಿದ್ದವನೊಬ್ಬ ಸತ್ತ. ಮರುದಿನ ಊರಿಗೆ ಊರೇ ಬೀದಿಗಿಳಿಯಿತು. ಜನ ರೇಡಿಯೋ ಕೇಂದ್ರಕ್ಕೆ ನುಗ್ಗಿ ದ್ವೀಪಕ್ಕೆಲ್ಲ ಸುದ್ದಿ ಮುಟ್ಟಿಸಿದರು. ಮಾರ್ಚ್‌ನಲ್ಲಿ ಚೀನಾದಿಂದ ಬಂದಿಳಿದ ಆಗ ಆಳುತ್ತಿದ್ದ ಕೊಮಿಂಟಾಂಗ್ ಪಕ್ಷದ ಸೈನ್ಯ ಕಂಡಕಂಡವರನ್ನು ಕೊಂದಿತು. 1992ರ ಸರ್ಕಾರಿ ವರದಿಯ ಅಂದಾಜಿನಂತೆ ಸತ್ತವರು 18,000ದಿಂದ 28,000. ಆ ರೇಡಿಯೋ ಕೇಂದ್ರದ ಕಟ್ಟಡವೇ ಈಗ ಉದ್ಯಾನದೊಳಗಿನ ವಸ್ತುಸಂಗ್ರಹಾಲಯ. ಗುಂಪಿನ ಜೊತೆ ಧಾವಂತದಲ್ಲಿ ಬೇಡ, ಒಬ್ಬಳೇ ಹೋಗಿ ನಿಧಾನವಾಗಿ ನೋಡು.

1949ರ ಮೇ ತಿಂಗಳಲ್ಲಿ ಹೇರಿದ ಮಾರ್ಷಲ್ ಲಾ ತೆಗೆದದ್ದು 1987ರ ಜುಲೈ 15ಕ್ಕೆ. ಅಷ್ಟೂ ವರ್ಷ ಈ ಕೊಲೆಗಳ ಮಾತೆತ್ತಲು ಮನೆಯೊಳಗೂ ಭಯ. ಶಾಲೆಯಲ್ಲಿ ಮ್ಯಾಂಡರಿನ್ ಬಿಟ್ಟು ಹೊಕ್ಕಿಯೆನ್ ಎಂಬ ಮನೆಮಾತು ಆಡಿದ ಮಕ್ಕಳಿಗೆ ದಂಡ, ಕೊರಳಿಗೆ ಫಲಕ. ಅಲ್ಲಿನ ಗೆಳತಿಯ ಅಜ್ಜಿ ಮ್ಯಾಂಡರಿನ್‌ನಲ್ಲಿ ತಡವರಿಸಿದರೆ, ನಡುವೆ ಜಪಾನೀ ಪದ ಬಂದರೆ ಅಚ್ಚರಿಪಡಬೇಡ. 1895ರಿಂದ 1945ರವರೆಗೆ ಆಳಿದವರು ಜಪಾನಿನವರು. ಅಂಥ ಹಿರಿಯರು ಮಾತಿಗೆ ಕೂತರೆ ನೋಟ್‌ಬುಕ್ ಮುಚ್ಚಿಟ್ಟು ಕೇಳು.

ಹಾಗಂತ ಒಂದು ಕಡೆಯವರ ನೋವನ್ನಷ್ಟೇ ಕೇಳಿ ತೀರ್ಪು ಕೊಡಬೇಡ. ಕೊಮಿಂಟಾಂಗ್ ನಾಯಕ ಚಿಯಾಂಗ್ ಕೈ-ಶೆಕ್ ಜೊತೆ ಚೀನಾದಿಂದ ಹಡಗು ಹತ್ತಿ ಬಂದ ಲಕ್ಷಾಂತರ ಜನರಲ್ಲಿ ಎಳೆಯ ವಯಸ್ಸಿನ ಸಿಪಾಯಿಗಳು ಎಷ್ಟೋ ಮಂದಿ. ಹುಟ್ಟಿದೂರಿಗೆ ಹೋಗಿ ಹೆತ್ತವರನ್ನು ನೋಡಲು ಅವರಿಗೆ ಅನುಮತಿ ಸಿಕ್ಕಿದ್ದು 1987ರ ಕೊನೆಗೆ. ಅಷ್ಟರಲ್ಲಿ ಎಷ್ಟು ತಾಯಂದಿರು ಉಳಿದಿದ್ದರು, ಹೇಳು. ಇವರೆಲ್ಲರಿಗಿಂತ ಸಾವಿರಾರು ವರ್ಷ ಮೊದಲೇ ಅಲ್ಲಿದ್ದವರು ಮೂಲನಿವಾಸಿಗಳು. ಸರ್ಕಾರ ಮಾನ್ಯ ಮಾಡಿದ 16 ಸಮುದಾಯಗಳಿವೆ; 2016ರಲ್ಲಿ ಅಂದಿನ ಅಧ್ಯಕ್ಷೆ ತ್ಸಾಯ್ ಇಂಗ್-ವೆನ್ ಈ ಮೂಲನಿವಾಸಿಗಳ ಕ್ಷಮೆ ಕೇಳಿದರು. ಅವರ ಹಳ್ಳಿಗಳಿಗೆ ಪ್ರವಾಸವಿದ್ದರೆ ತಪ್ಪಿಸಬೇಡ.

ಚಿಯಾಂಗ್ ಸ್ಮಾರಕ ಭವನವನ್ನೂ ನೋಡು. ಪ್ರತಿಮೆಯ ಮುಂದೆ ನಿಲ್ಲುತ್ತಿದ್ದ ಗೌರವ ಕಾವಲನ್ನು 2024ರ ಜುಲೈನಲ್ಲಿ ಹೊರಗಿನ ಹಾದಿಗೆ ಕಳಿಸಿದರು. ಪ್ರತಿಮೆ ಇರಬೇಕೋ ಬೇಡವೋ ಎಂಬ ಜಗಳ ಮಾತ್ರ ತೀರಿಲ್ಲ. ಅಧ್ಯಕ್ಷರನ್ನು ನೇರವಾಗಿ ಆರಿಸುವ ಹಕ್ಕು 1996ರಲ್ಲಷ್ಟೇ ಮೊದಲ ಸಲ ಚಲಾಯಿಸಿದ ಜನ ಆ ಪ್ರತಿಮೆಯ ಬಗ್ಗೆ ಹೀಗೆ ಬಹಿರಂಗವಾಗಿ ಜಗಳವಾಡುತ್ತಾರಲ್ಲ, ನನಗೆ ಅವರ ಮೇಲೆ ಗೌರವ ಹುಟ್ಟಿಸಿದ್ದು ಅದೇ.

ಊಟದ ಚಿಂತೆ ಬೇಡ, ಸಸ್ಯಾಹಾರಿ ಹೋಟೆಲುಗಳು ಬೇಕಾದಷ್ಟಿವೆ. ಚಂಡಮಾರುತದ ಕಾಲ, ಕೊಡೆ ಮರೆಯಬೇಡ. ಹೋಗುವ ಮುಂಚೆ ಒಂದು ಭಾನುವಾರ ಮನೆಗೆ ಬಾ. ಹೌ ಶಿಯಾವೋ-ಶಿಯೆನ್ ಅವರ 'ಎ ಸಿಟಿ ಆಫ್ ಸ್ಯಾಡ್‌ನೆಸ್' ನೋಡೋಣ. 228ರ ದಿನಗಳ ಒಂದು ಕುಟುಂಬದ ಕಥೆ, 1989ರಲ್ಲಿ ವೆನಿಸ್‌ನಲ್ಲಿ ಗೋಲ್ಡನ್ ಲಯನ್ ಪಡೆದ ಸಿನಿಮಾ. ಎರಡೂವರೆ ಗಂಟೆ ಮೀರುತ್ತದೆ, ಊಟ ಇಲ್ಲೇ ಮಾಡು.